ಅಮಾಲ್‌ನಿಂದ ಮಿಕುನಿವರೆಗೆ: ಕಾರ್ಬುರೇಟರ್ ಒಳಗೆ ಅಡಗಿರೋ ಚರಿತ್ರೆ

1/4

ಮೊದಲ ಫೋಟೋದಲ್ಲಿರೋ ಹಿತ್ತಾಳೆ ಚೂರು ನೋಡಿ. ಕಿರುಬೆರಳಿನ ಉಗುರಿನಷ್ಟಿದೆ, ನಡುವೆ ಒಂದು ಸಣ್ಣ ತೂತು. ಇದೇ ಮೇನ್ ಜೆಟ್. ಟೂ-ಸ್ಟ್ರೋಕ್ ಡರ್ಟ್ ಬೈಕಿಗೆ ಇದಕ್ಕಿಂತ ಒಂದೆರಡು ಸೈಜ್ ಚಿಕ್ಕ ಜೆಟ್ ಹಾಕಿದರೆ ಎಷ್ಟೋ ಸಲ ಬೈಕು ಮೊದಲಿಗಿಂತ ಚುರುಕಾಗುತ್ತೆ. ಓಡಿಸೋರಿಗೆ ಖುಷಿಯೋ ಖುಷಿ. ಆಮೇಲೆ ಯಾವುದೋ ಉದ್ದನೆಯ ನೇರ ದಾರಿಯಲ್ಲಿ, ಫುಲ್ ಥ್ರಾಟಲ್‌ನಲ್ಲಿ, ಪಿಸ್ಟನ್ ಕಚ್ಚಿಕೊಂಡು ಹಿಂದಿನ ಚಕ್ರ ನಿಂತೇಬಿಡುತ್ತೆ.

ಯಾಕೆ ಅಂದ್ರೆ, ಇಂಥ ಇಂಜಿನ್ನಿನ ಕ್ರ್ಯಾಂಕ್ ಕೆಳಗೆ ಆಯಿಲ್ ತುಂಬಿಟ್ಟಿರೋದಿಲ್ಲ. ಪೆಟ್ರೋಲಿನ ಜೊತೆ ಬೆರೆತು ಬರೋ 2ಟಿ ಆಯಿಲೇ ಬೇರಿಂಗಿಗೂ ಪಿಸ್ಟನ್ನಿಗೂ ಗತಿ. ಪೆಟ್ರೋಲ್ ಕಮ್ಮಿಯಾದರೆ ಆಯಿಲೂ ಕಮ್ಮಿ, ಒಳಗೆ ತಂಪು ಮಾಡೋದೂ ಕಮ್ಮಿ. ಫೋರ್-ಸ್ಟ್ರೋಕ್ ಸಹಿಸಿಕೊಳ್ಳೋ ತಪ್ಪನ್ನ ಟೂ-ಸ್ಟ್ರೋಕ್ ಸಹಿಸಲ್ಲ.

ಹಾಗಾಗಿ ಕಾರ್ಬುರೇಟರ್ ಬಿಚ್ಚೋ ಮುಂಚೆ ಅದರ ಚರಿತ್ರೆ ಓದಿಕೊಳ್ಳಿ ಅಂತ ನಾನು ಹೇಳೋದು. ಅದರ ಒಂದೊಂದು ಭಾಗವೂ ಯಾವುದೋ ಹಳೇ ಕಾಯಿಲೆಗೆ ಕಂಡುಕೊಂಡ ಮದ್ದು. ಕಾಯಿಲೆ ಮತ್ತೆ ಕಾಣಿಸಿಕೊಂಡರೆ ಆ ಭಾಗವನ್ನೇ ಮೊದಲು ನೋಡಬೇಕು.

2/4

1893ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮೈಬಾಕ್ ಒಂದು ಕಾರ್ಬುರೇಟರ್ ಮಾಡಿದರು: ಫ್ಲೋಟ್ ಇರೋ ಬಟ್ಟಲು, ಗಾಳಿಯ ದಾರಿಯಲ್ಲಿ ಪೆಟ್ರೋಲ್ ಚಿಮ್ಮಿಸೋ ಜೆಟ್. ಮೂಲ ಉಪಾಯ ಇವತ್ತಿಗೂ ಅದೇ. ಆದರೆ ಒಂದೇ ಅಳತೆಯ ತೂತು ನಿಧಾನಕ್ಕೂ ವೇಗಕ್ಕೂ ಸರಿಹೋಗಲ್ಲ. ನಿಧಾನಕ್ಕೆ ಹೊಂದಿಸಿದರೆ ವೇಗದಲ್ಲಿ ಪೆಟ್ರೋಲ್ ಜಾಸ್ತಿ, ವೇಗಕ್ಕೆ ಹೊಂದಿಸಿದರೆ ನಿಧಾನದಲ್ಲಿ ಆಫ್.

ಇದಕ್ಕೆ ಉತ್ತರ ಗಟ್ಟಿಯಾಗಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. 1927ರಲ್ಲಿ ಅಮ್ಯಾಕ್, ಬ್ರೌನ್ ಅಂಡ್ ಬಾರ್ಲೋ, ಬಿಂಕ್ಸ್ ಅನ್ನೋ ಮೂರು ಕಂಪನಿ ಸೇರಿ ಅಮಾಲ್ ಆಯ್ತು. (ಹಳೇ ಬುಲೆಟ್ ಇದ್ದ ಮನೆಯವರಿಗೆ ಈ ಹೆಸರು ಹೊಸದಲ್ಲ.) ಅಮಾಲ್‌ನಲ್ಲಿ ಕೆಲಸ ಹಂಚಿಕೆಯಾಗಿತ್ತು. ಥ್ರಾಟಲ್ ಮುಚ್ಚಿದ್ದಾಗಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಕತ್ತರಿಸಿದ ಅಂಚು. ಕಾಲಿಂದ ಮುಕ್ಕಾಲಿಗೆ ಚೂಪಾದ ನೀಡಲ್. ಮುಕ್ಕಾಲು ದಾಟಿದ ಮೇಲೆ ಮೇನ್ ಜೆಟ್. ಗಡಿಗಳು ಒಂದರ ಮೇಲೊಂದು ಸ್ವಲ್ಪ ಹರಡಿಕೊಂಡಿರುತ್ತವೆ.

ಟ್ಯೂನಿಂಗಿಗೆ ಅಮಾಲ್ ಹೇಳಿಕೊಟ್ಟ ಕ್ರಮ: ಮೊದಲು ಮೇನ್ ಜೆಟ್, ಆಮೇಲೆ ಪೈಲಟ್, ಸ್ಲೈಡ್, ನೀಡಲ್, ಕೊನೆಗೆ ಮತ್ತೊಮ್ಮೆ ಪೈಲಟ್. ನನ್ನ ಪ್ರಕಾರ ಇವತ್ತಿನ ಎಷ್ಟೋ ವಿಡಿಯೋಗಳಿಗಿಂತ ಈ ಒಂದು ಸಾಲು ಮೇಲು.

ಇನ್ನು ಮಣ್ಣಿನ ದಾರಿಯ ಕತೆ. ಹಳೇ ಅಮಾಲ್‌ನ ಫ್ಲೋಟ್ ಬಟ್ಟಲು ಪಕ್ಕದಲ್ಲಿ ನೇತಾಡ್ತಿತ್ತು. ಬೈಕು ಹಳ್ಳದಲ್ಲಿ ವಾಲಿದರೆ ಬಟ್ಟಲಿನ ಮಟ್ಟ ಒಂದು, ಜೆಟ್ಟಿನ ಮಟ್ಟ ಇನ್ನೊಂದು. 1967ರ ಅಮಾಲ್ ಕಾನ್ಸೆಂಟ್ರಿಕ್‌ನಲ್ಲಿ ಬಟ್ಟಲು ಜೆಟ್ಟಿನ ನೇರ ಕೆಳಗೆ, ಅದನ್ನ ಸುತ್ತುವರಿದು ಬಂತು. ಈಗ ಎಷ್ಟು ವಾಲಿದರೂ ಜೆಟ್ ಪೆಟ್ರೋಲಿನ ನಡುವೆಯೇ. ಅಮಾಲ್‌ನಿಂದ ಲೈಸೆನ್ಸ್ ಪಡೆದಿದ್ದ ಜಪಾನಿನ ಮಿಕುನಿಯ ವಿಎಂ ಕಾರ್ಬುರೇಟರಿಗೂ ಬಟ್ಟಲು ಕೆಳಗೇ. 1968ರ ಯಮಹಾ ಡಿಟಿ-1ಗೆ, ಅಂದ್ರೆ ಸಾಮಾನ್ಯ ಜನ ಕೊಳ್ಳಬಹುದಾದ 250 ಸಿಸಿ ಟೂ-ಸ್ಟ್ರೋಕ್ ಮಣ್ಣಿನ ಬೈಕಿಗೆ, ಕೂತಿದ್ದು ಮಿಕುನಿಯೇ.

ಅದಕ್ಕೂ ಮುಂಚೆ ಮೋಟೋಕ್ರಾಸ್‌ನಲ್ಲಿ ಟೂ-ಸ್ಟ್ರೋಕ್ ಗೆಲ್ಲುತ್ತೆ ಅಂತ ತೋರಿಸಿದವರಲ್ಲಿ ಚೆಕೊಸ್ಲೊವಾಕಿಯಾದ ಸಿಝಡ್ ದೊಡ್ಡ ಹೆಸರು. 1964ರಲ್ಲಿ ಬೆಲ್ಜಿಯಂನ ಜೋಯೆಲ್ ರಾಬೆರ್ 250 ಸಿಸಿ ವಿಶ್ವ ಚಾಂಪಿಯನ್ ಆಗಿದ್ದು, 1966ರಲ್ಲಿ ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ 500 ಸಿಸಿ ಕಿರೀಟ ಗೆದ್ದಿದ್ದು ಸಿಝಡ್ ಮೇಲೇ. ಸಿಝಡ್ ಮತ್ತು ಜಾವಾ ಒಂದೇ ಸರ್ಕಾರಿ ಛತ್ರಿಯ ಕೆಳಗಿದ್ದ ದಾಯಾದಿಗಳು. ಜಾವಾ ಅಂದ್ರೆ ನಿಮಗೆ ಹೇಳಬೇಕಾ! 1961ರಿಂದ ನಮ್ಮ ಮೈಸೂರಿನಲ್ಲೇ ತಯಾರಾದ ಗಾಡಿ. ಬೆಳಗಿನ ಚಳಿಗೆ ಕಾರ್ಬುರೇಟರಿನ ಟಿಕ್ಲರ್ ಒತ್ತಿ, ಪೆಟ್ರೋಲ್ ಉಕ್ಕಿಸಿ, ಕಿಕ್ ಹೊಡೀತಿದ್ರಲ್ಲ, ಅದೇ ಇವತ್ತಿನ ಚೋಕಿನ ಅಜ್ಜ.

3/4

ಈಗ ಕಾಯಿಲೆಗಳಿಗೆ ಬರೋಣ. ಸ್ವೈಪ್ ಮಾಡಿದ್ರೆ ಎರಡು ಪ್ಲಗ್ ಕಾಣುತ್ತೆ.

ಜೆಟ್ ಮುಟ್ಟೋ ಮೊದಲು ಗಾಳಿ ಸೋರಿಕೆ ನೋಡಿ. ಥ್ರಾಟಲ್ ಬಿಟ್ಟ ಮೇಲೂ ಇಂಜಿನ್ ಕೂಗ್ತಾನೇ ಇದೆಯಾ? ಇನ್‌ಟೇಕ್ ರಬ್ಬರ್ ಬಿರುಕು ಬಿಟ್ಟಿರಬಹುದು, ಮ್ಯಾಗ್ನೆಟ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿರಬಹುದು. ಗೇರ್ ಕಡೆಯ ಸೀಲ್ ಹೋದರೆ ಲಕ್ಷಣ ಬೇರೆ: ಗೇರ್ ಆಯಿಲ್ ಕಮ್ಮಿಯಾಗ್ತಾ ಹೋಗುತ್ತೆ, ಸೈಲೆನ್ಸರ್‌ನಲ್ಲಿ ದಟ್ಟ ಬಿಳಿ ಹೊಗೆ. ಸೀಲ್ ಹೋದ ಇಂಜಿನ್ನಿಗೆ ದೊಡ್ಡ ಜೆಟ್ ಹಾಕೋದು ಜ್ವರ ಬಂದವನಿಗೆ ಫ್ಯಾನ್ ಹಾಕಿದ ಹಾಗೆ.

ಕಾರ್ಬುರೇಟರ್ ಬಾಯಿಂದ ಪೆಟ್ರೋಲ್ ವಾಪಸ್ ಉಗುಳ್ತಾ ಇದೆಯಾ? ಹಳೇ ಪಿಸ್ಟನ್-ಪೋರ್ಟ್ ಇಂಜಿನ್ನುಗಳಿಗೆ ಇದು ಹುಟ್ಟುಗುಣ. ಅದನ್ನ ತಡೆಯೋಕೆ ಯಮಹಾ 1972ರ ಮಾಡೆಲ್‌ಗಳಲ್ಲಿ ರೀಡ್ ವಾಲ್ವ್ ತಂದಿತು. ನಿಮ್ಮ ಬೈಕಿನಲ್ಲಿ ರೀಡ್ ಇದ್ದೂ ಉಗುಳಿದರೆ ಅದರ ಎಲೆ ಸೀಳಿದೆಯಾ ನೋಡಿ.

ಏರ್ ಸ್ಕ್ರೂ ಸಾಮಾನ್ಯವಾಗಿ ಒಂದೂವರೆ ಸುತ್ತು ಹೊರಗಿರಬೇಕು. ಒಂದಕ್ಕಿಂತ ಕಮ್ಮಿ ಸುತ್ತಿಗೆ ಚೆನ್ನಾಗಿ ಓಡಿದರೆ ಪೈಲಟ್ ಜೆಟ್ ಚಿಕ್ಕದಾಗಿದೆ. ಎರಡೂವರೆ ದಾಟಿದರೆ ದೊಡ್ಡದಾಗಿದೆ. ನೀಡಲ್‌ನ ಕ್ಲಿಪ್ ಕೆಳಗಿನ ಗಾಡಿಗೆ ಇಳಿಸಿದರೆ ನೀಡಲ್ ಮೇಲೇರುತ್ತೆ, ಪೆಟ್ರೋಲ್ ಜಾಸ್ತಿ ಬರುತ್ತೆ.

ಮೇನ್ ಜೆಟ್ ಪರೀಕ್ಷೆಗೆ ಹೊಸ ಪ್ಲಗ್ ಹಾಕಿ, ಖಾಲಿ ಜಾಗದಲ್ಲಿ ಫುಲ್ ಥ್ರಾಟಲ್ ಓಡಿಸಿ, ಅಲ್ಲೇ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ. ಪ್ಲಗ್ ಬಿಚ್ಚಿದಾಗ ಕಾಫಿ ಬಣ್ಣ ಇದ್ದರೆ ಸರಿ, ಒದ್ದೆ ಕಪ್ಪಾದರೆ ಜೆಟ್ ದೊಡ್ಡದು, ಸುಣ್ಣದ ಬಿಳುಪಾದರೆ ಅದೇ ಜೆಟ್ಟಿನಲ್ಲಿ ಇನ್ನೊಂದು ಸುತ್ತು ಹೊಡೀಬೇಡಿ. ಯಾವಾಗಲೂ ದೊಡ್ಡ ಜೆಟ್ಟಿನಿಂದ ಶುರುಮಾಡಿ ಒಂದೊಂದೇ ಸೈಜ್ ಕೆಳಗಿಳಿಯಿರಿ.

4/4

ತುಂಬಾ ಜನ ಎಡವೋದು ಇಲ್ಲಿ. "ಸೇಫ್ ಆಗಿರ್ಲಿ" ಅಂತ 2ಟಿ ಆಯಿಲ್ ಜಾಸ್ತಿ ಹಾಕ್ತಾರೆ. ಜೆಟ್ಟಿನ ತೂತು ಅಷ್ಟೇ ಇರುತ್ತೆ. ಆಯಿಲ್ ಹೆಚ್ಚು ಜಾಗ ಹಿಡಿದರೆ ಅದೇ ತೂತಿನಲ್ಲಿ ಬರೋ ಪೆಟ್ರೋಲ್ ಕಮ್ಮಿ. ಮಿಶ್ರಣ ಲೀನ್ ಆಯ್ತು! 32:1 ಅಂದ್ರೆ ಲೀಟರಿಗೆ ಸುಮಾರು 31 ಮಿ.ಲೀ. ಅದನ್ನ ಬದಲಿಸಿದರೆ ಜೆಟ್ಟೂ ಮತ್ತೆ ನೋಡಬೇಕು.

ಎರಡನೇದು ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ನೂರಕ್ಕೆ ಎಂಟರಷ್ಟು ತೆಳು. ಬೆಂಗಳೂರಿನಲ್ಲಿ ಅಂಚಿಗೆ ಟ್ಯೂನ್ ಮಾಡಿದ ಬೈಕು ಶಿರಾಡಿ ಇಳಿದು ಕಡಲ ತೀರಕ್ಕೆ ಹೋದರೆ ದಟ್ಟ ಗಾಳಿಗೆ ಪೆಟ್ರೋಲ್ ಸಾಲಲ್ಲ. ಘಟ್ಟ ಹತ್ತುವಾಗ ಬೈಕು ಬರೀ ಮಂಕಾಗುತ್ತೆ. ಇಳಿಯುವಾಗಲೇ ಅಪಾಯ. ಅದರ ಮೇಲೆ ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನಲ್ಲೇ ಉದ್ದಕ್ಕೂ ಇಳಿದರೆ, ಚಕ್ರ ಇಂಜಿನ್ನನ್ನ ತಿರುಗಿಸ್ತಾ ಇರುತ್ತೆ, ಆಯಿಲ್ ಮಾತ್ರ ಬರ್ತಿರಲ್ಲ. ನಡುನಡುವೆ ಕ್ಲಚ್ ಹಿಡಿದು ಚೂರು ರೇಸ್ ಕೊಡಿ.

ಕೆಟಿಎಂ 2018ರ ಮಾಡೆಲ್‌ನಿಂದ ತನ್ನ ಟೂ-ಸ್ಟ್ರೋಕ್ ಎಂಡ್ಯೂರೋ ಬೈಕುಗಳಿಗೆ ಇಂಜೆಕ್ಷನ್ ತಂದು ಈ ಲೆಕ್ಕವನ್ನೆಲ್ಲ ಸೆನ್ಸರ್‌ಗೆ ವಹಿಸಿತು. ಯಮಹಾ ಮಾತ್ರ 2022ರಲ್ಲಿ ವೈಝಡ್125 ಇಂಜಿನ್ನನ್ನ ಹೊಸದಾಗಿ ಮಾಡಿದಾಗಲೂ ಅದಕ್ಕೆ ಕೂರಿಸಿದ್ದು ಕಾರ್ಬುರೇಟರನ್ನೇ. ಕೊನೆಯ ಫೋಟೋದಲ್ಲಿರೋದು ಅದೇ ಜಾತಿಯ ಕೇಹಿನ್ ಪಿಡಬ್ಲ್ಯೂಕೆ.

ನಿಮ್ಮ ಗಾಡಿಯ ಪ್ಲಗ್ ಯಾವ ಬಣ್ಣ? ಕಾಮೆಂಟಲ್ಲಿ ಹಾಕಿ. ಊರೂ ಬರೀರಿ, ಎತ್ತರ ಗೊತ್ತಾಗ್ಬೇಕಲ್ಲ.