ಪಡಿಯಚ್ಚಿನಿಂದ ಡಿಸ್ಕಿನವರೆಗೆ: ಶಿಕಾರಿಪುರ–ಸೊರಬ ಸೀಮೆಯ ದಾಖಲೆಗಳ ಪ್ರತಿ

ಬನವಾಸಿ ನಾಡಿಗೆ ಸೇರಿದ್ದ ಇಂದಿನ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ದಾನ, ಭೂಮಿ, ತೆರಿಗೆಗಳ ವಿವರವನ್ನು ಉಳಿಸಲು ಆಳುವವರು ನಂಬಿದ್ದುದು ಕಲ್ಲನ್ನು. ತಾಳಗುಂದದ ಪ್ರಣವೇಶ್ವರ ದೇವಾಲಯದ ಎದುರಿನ ಕಂಬದಲ್ಲಿ ಕವಿ ಕುಬ್ಜನು ಕದಂಬ ಕಾಕುಸ್ಥವರ್ಮನ ಕೆರೆಯ ವಿಷಯವನ್ನು ಹೇಳಿದರೆ, ಬಳ್ಳಿಗಾವೆಯ 1162ರ ಶಾಸನವು ಕೋಡಿಮಠದಲ್ಲಿ ಶಾಸ್ತ್ರಪಾಠ ನಡೆಯುತ್ತಿದ್ದುದನ್ನೂ ರೋಗಿಗಳಿಗೆ ಔಷಧ ದೊರೆಯುತ್ತಿದ್ದುದನ್ನೂ ವಿವರಿಸುತ್ತದೆ. ಸೊರಬದ ಕುಪ್ಪಟೂರಿನಲ್ಲಿಯೂ ಇಂಥ ಶಾಸನಗಳಿವೆ. ದಾನವನ್ನು ಕೆಡಿಸಿದವರಿಗೆ ಕೇಡು ಬಯಸುವ ಶಾಪಾಶಯ ಶ್ಲೋಕಗಳು ದಾನಶಾಸನಗಳ ಕೊನೆಯಲ್ಲಿ ಬರುತ್ತವೆಯಾದರೂ, ಮಳೆಗೂ ಪಾಚಿಗೂ ಶಾಪ ತಟ್ಟುವುದಿಲ್ಲ.

ಈ ಶಾಸನಗಳಿಗೆ ವ್ಯವಸ್ಥಿತ ಪ್ರತಿ ಸಿದ್ಧವಾದುದು ಶಾಸನತಜ್ಞ ಬಿ.ಎಲ್. ರೈಸ್ ಅವರ ಕಾಲದಲ್ಲಿ. ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯಲ್ಲಿ ಶಿಕಾರಿಪುರದ ಶಾಸನಗಳು 1902ರ ಏಳನೆಯ ಸಂಪುಟದಲ್ಲಿಯೂ ಸೊರಬದವು 1904ರ ಎಂಟನೆಯದರಲ್ಲಿಯೂ ಅಚ್ಚಾದವು. ತಾಳಗುಂದದ ಕಂಬವನ್ನು ವಿದ್ವಾಂಸರು ಇಂದಿಗೂ 'ಶಿಕಾರಿಪುರ 176' ಎಂದೇ ಗುರುತಿಸುತ್ತಾರೆ. ಶಾಸನದ ಪ್ರತಿ ತೆಗೆಯುವ ಕ್ರಮಕ್ಕೆ ಪಡಿಯಚ್ಚು ಎನ್ನುತ್ತಾರೆ: ಕಲ್ಲನ್ನು ಉಜ್ಜಿ ತೊಳೆದು, ನೆನೆಸಿದ ಕಾಗದವನ್ನು ಹಾಸಿ, ಗಡುಸು ಕುಂಚದಿಂದ ಬಡಿದು ಅಕ್ಷರದ ಗುಳಿಗಳೊಳಗೆ ಇಳಿಸಿ, ಮೇಲೆ ಮಸಿಯುಂಡೆಯನ್ನು ಒತ್ತಿದಾಗ ಕಪ್ಪು ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡುತ್ತವೆ. ಅಚ್ಚಾದ ಪಾಠವು ಓದುಗನೊಬ್ಬನ ತೀರ್ಮಾನವನ್ನು ಒಳಗೊಂಡಿರುತ್ತದೆ. ಪಡಿಯಚ್ಚು ಬಿರುಕನ್ನೂ ಸವೆತವನ್ನೂ ಹಾಗೆಯೇ ತೋರಿಸುತ್ತದೆ. ಪಾಠದ ಬಗ್ಗೆ ವಾದವೆದ್ದಾಗ ವಿದ್ವಾಂಸರು ಪಡಿಯಚ್ಚಿಗೆ ಮರಳುವುದು ಅದರಿಂದಲೇ.

ಜಮೀನಿನ ಒಡೆತನ, ವಿಸ್ತೀರ್ಣ, ಬೆಳೆಗಳನ್ನು ತಿಳಿಸುವ ಪಹಣಿಯ ಚರಿತ್ರೆಯಲ್ಲಿಯೂ ಇದೇ ಭೇದ ಕಾಣುತ್ತದೆ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯು ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ, ಗ್ರಾಮಲೆಕ್ಕಿಗರ ಪುಸ್ತಕದಲ್ಲಿದ್ದುದನ್ನು ಕೈಯಿಂದ ಟೈಪು ಮಾಡಲಾಯಿತು, ಬಳಿಕ ಕೈಬರಹದ ಪಹಣಿಯ ಮಾನ್ಯತೆಯೂ ಹೋಯಿತು. ಟೈಪಿನಲ್ಲಿ ನುಸುಳಿದ ತಪ್ಪನ್ನು ತಿದ್ದಿಸಬೇಕಾದವರಿಗೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯೇ ಆಸರೆ.

ಪಾಠಕ್ಕೂ ಇದ್ದಂತೆ ತೆಗೆದ ಪ್ರತಿಗೂ ಇರುವ ಈ ಭೇದ ಗಣಕದೊಳಗೂ ಇದೆ. ಡಿಸ್ಕನ್ನು ಭಾಗಗಳಾಗಿ ವಿಂಗಡಿಸುವ, ಅವುಗಳ ಗಾತ್ರವನ್ನು ಹೊಂದಿಸುವ ಡಿಸ್ಕ್ ನಿರ್ವಹಣಾ ತಂತ್ರಾಂಶವನ್ನು ಮೇಲ್ದರ್ಜೆಗೇರಿಸುವ ಮುನ್ನ ಬ್ಯಾಕಪ್, ಅಂದರೆ ಬೇರೆಡೆ ಇಟ್ಟ ಪ್ರತಿ, ಬೇಕೆನ್ನುವುದಕ್ಕೂ ಕಾರಣ ಸ್ಪಷ್ಟವಾಗಿದೆ. ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂಬ ಪಟ್ಟಿಯು ಅದೇ ಡಿಸ್ಕಿನ ಸಣ್ಣ ಜಾಗದಲ್ಲಿದ್ದು, ಅದು ಕೆಟ್ಟರೆ ಕಡತಗಳು ಉಳಿದಿದ್ದರೂ ದಾರಿ ಕಾಣುವುದಿಲ್ಲ. ಕಡತಗಳನ್ನಷ್ಟೇ ನಕಲಿಸಿದರೆ ಈ ಪಟ್ಟಿ ಬರುವುದಿಲ್ಲ. ಇಡೀ ಡಿಸ್ಕನ್ನು ಅಂಗುಲ ಬಿಡದೆ ಎತ್ತುವ ಇಮೇಜ್ ಪ್ರತಿಯಲ್ಲಿ ಅದೂ ಸೇರಿರುತ್ತದೆ, ಆದರೆ ಆ ಪ್ರತಿ ಅದೇ ಡಿಸ್ಕಿನಲ್ಲಿದ್ದರೆ ಪ್ರಯೋಜನವಿಲ್ಲ. ಮರಳಿ ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸುವುದೂ ತಪ್ಪು.

ಕಂದಾಯ ಇಲಾಖೆಯು 2024ರಲ್ಲಿ ಆರಂಭಿಸಿದ ಭೂ ಸುರಕ್ಷಾ ಯೋಜನೆಯಲ್ಲಿ ಹಳೆಯ ಕಡತಗಳನ್ನು ಟೈಪು ಮಾಡುವುದಕ್ಕೆ ಬದಲಾಗಿ, ಪಡಿಯಚ್ಚಿನ ಹಾಗೆ ಹಾಳೆಗಳನ್ನು ಇದ್ದಂತೆಯೇ ಸ್ಕ್ಯಾನ್ ಮಾಡಿ ಚಿತ್ರರೂಪದಲ್ಲಿ ಇರಿಸಲಾಗುತ್ತಿದೆ.