ಊರು ನೀರಿಗೆ, ಹೆಸರು ಅಣೆಕಟ್ಟೆಗೆ

ದಾರಿಯ ಬದಿಯಲ್ಲಿ ಕಲ್ಲು ನಿಲ್ಲಿಸಿ ನಡೆದದ್ದನ್ನು ನೆನಪಿಡುವ ಪದ್ಧತಿ ಕನ್ನಡ ನಾಡಿಗೆ ಹೊಸದೇನಲ್ಲ. ಊರ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಮಡಿದವನಿಗೂ ಒಂದು ವೀರಗಲ್ಲು ಸಿಗುತ್ತಿತ್ತು. ಕೆಳಗೆ ಕಾಳಗ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ, ತುದಿಯಲ್ಲಿ ಸೂರ್ಯ ಚಂದ್ರರು. ಒಬ್ಬ ಮನುಷ್ಯ ಸತ್ತರೆ ಇಷ್ಟು ಮಾಡುತ್ತಿದ್ದ ನಾಡಿನಲ್ಲಿ ಒಂದು ಊರೇ ಇಲ್ಲವಾದರೆ ಏನು ಮಾಡಬೇಕು?

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಯಿಂದ ಜೋಯಿಡಾ ಕಡೆಗೆ ಹೊರಟವರಿಗೆ ಈ ಪ್ರಶ್ನೆ ಎದುರಾಗುತ್ತದೆ. ದಾರಿಯಲ್ಲಿ ಗಣೇಶಗುಡಿ, ಅಲ್ಲಿ ಕಾಳಿ ನದಿಗೆ ಅಡ್ಡವಾಗಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು. ಪ್ರವಾಸಿಗಳಿಗೆ ಸೂಪಾ ಎಂದರೆ ಈ ಕಾಂಕ್ರೀಟ್ ಗೋಡೆಯೇ. ಆದರೆ ಸೂಪಾ ಎಂಬುದು ಊರಿನ ಹೆಸರು. ಕಾಳಿ ಮತ್ತು ಪಾಂಢರಿ ನದಿಗಳು ಕೂಡುವಲ್ಲಿ ಇದ್ದ ಆ ಊರು ತಾಲ್ಲೂಕು ಕೇಂದ್ರವಾಗಿತ್ತು. ಎಪ್ಪತ್ತರ ದಶಕದಲ್ಲಿ ಆರಂಭವಾದ ಅಣೆಕಟ್ಟಿನ ಕೆಲಸ 1987ರಲ್ಲಿ ಮುಗಿಯುವ ವೇಳೆಗೆ ಊರು ನೀರಿನಡಿ ಸೇರಿತ್ತು.

ಈ ಯೋಜನೆಗೆ ಕಾರಣವಿಲ್ಲದಿರಲಿಲ್ಲ. ಘಟ್ಟದಲ್ಲಿ ನಾಲ್ಕು ತಿಂಗಳು ಸುರಿಯುವ ಮಳೆಯನ್ನು ಹಿಡಿದಿಟ್ಟರೆ ಬೇಸಿಗೆಯಲ್ಲೂ ವಿದ್ಯುತ್ ದೊರೆಯುತ್ತದೆ. ಸೂಪಾದಿಂದ ಬಿಟ್ಟ ನೀರೇ ಕೆಳಗೆ ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ಮತ್ತೆ ಮತ್ತೆ ಯಂತ್ರ ತಿರುಗಿಸುತ್ತದೆ. ರಾಜ್ಯದ ಎಷ್ಟೋ ಮನೆಗಳ ದೀಪ ಇದರಿಂದ ಉರಿದಿದೆ. ಊರು ಬಿಟ್ಟವರಲ್ಲಿ ಅನೇಕರಿಗೆ ಬೆಳಗಾವಿ-ಗೋವಾ ಹೆದ್ದಾರಿಯ ರಾಮನಗರದಲ್ಲಿ ಪುನರ್ವಸತಿ ಆಯಿತು. ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು.

ಜನ ಹೋದರು, ಕಚೇರಿ ಹೋಯಿತು, ಹೆಸರು ಮಾತ್ರ ಎಲ್ಲಿಗೂ ಹೋಗಲಿಲ್ಲ. 2011ರ ಜನಗಣತಿಯ ಪಟ್ಟಿಯಲ್ಲಿ ತಾಲ್ಲೂಕಿನ ಹೆಸರು ಸೂಪಾ ಎಂದೇ ಇದೆ! ಅಣೆಕಟ್ಟು ಪೂರ್ಣಗೊಂಡು 24 ವರ್ಷಗಳಾದ ಮೇಲೂ ಸರ್ಕಾರ ತನ್ನ ಪ್ರಜೆಗಳನ್ನು ಮುಳುಗಿದ ಊರಿನ ಹೆಸರಿನಲ್ಲೇ ಎಣಿಸಿತು. ಊರಿನವರಿಗೆ ಇದಕ್ಕಿಂತ ದೊಡ್ಡ ಸ್ಮಾರಕ ಬೇರೆ ಸಿಕ್ಕಿಲ್ಲವೇನೋ. ಅದೂ ಕಡತದಲ್ಲಿ, ರಸ್ತೆಯಲ್ಲಲ್ಲ.

ಇತಿಹಾಸ ಎಂದರೆ ಕೋಟೆ, ದಂಡು ಎಂಬ ರೂಢಿಯೂ ಇದಕ್ಕೆ ಕಾರಣವಿರಬಹುದು. ಪಕ್ಕದ ಹಳಿಯಾಳವನ್ನೇ ನೋಡಿ. ಅಲ್ಲಿ ಕೋಟೆಯ ಅವಶೇಷಗಳಿವೆ. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ಹಳಿಯಾಳದ ಹೆಸರು ಬರುತ್ತದೆ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಇಂಥ ಸಂಗತಿಯನ್ನು ಫಲಕದ ಮೇಲೆ ಬರೆಯುವುದು ಸುಲಭ. ಅದೇ ತಾಲ್ಲೂಕಿನ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಇವರ ಪೂರ್ವಿಕರು ಆಫ್ರಿಕದವರು. ಅನೇಕರು ಪೋರ್ಚುಗೀಸರ ಗೋವಾಕ್ಕೆ ಗುಲಾಮರಾಗಿ ಬಂದು ಅಲ್ಲಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರು. ಪರಿಶಿಷ್ಟ ಪಂಗಡದ ಪಟ್ಟಿಗೆ ಇವರ ಹೆಸರು ಬಂದದ್ದೇ 2003ರಲ್ಲಿ. ಅವರು ನಡೆದು ಬಂದ ದಾರಿಗೆ ಕೋಟೆಯೂ ಇಲ್ಲ, ಶಾಸನವೂ ಇಲ್ಲ.

ಹೆಸರನ್ನು ಹೊತ್ತು ತಂದವರೂ ಇದೇ ಸೀಮೆಯಲ್ಲಿದ್ದಾರೆ. ಮುಂಡಗೋಡದ ಬಳಿ 1966ರಲ್ಲಿ ಟಿಬೆಟನ್ ನಿರಾಶ್ರಿತರ ವಸಾಹತು ಆರಂಭವಾಯಿತು. ಕಾಡು ಕಡಿದು ಕಟ್ಟಿದ ಹಳ್ಳಿಗಳಿಗೆ ಒಂದು, ಎರಡು, ಮೂರು ಎಂದು ಕ್ಯಾಂಪ್ ಸಂಖ್ಯೆಗಳೇ ಗುರುತು. ಮಠಗಳಿಗೆ ಮಾತ್ರ ಹಳೆಯ ಹೆಸರುಗಳನ್ನೇ ಇಟ್ಟರು: ಲಾಸಾ ಬಳಿ 1409ರಲ್ಲಿ ಸ್ಥಾಪನೆಯಾದ ಗ್ಯಾಂಡೆನ್, 1416ರ ಡ್ರೆಪುಂಗ್. ಹೀಗಾಗಿ ಹಿಮಾಲಯದಾಚೆಯ ಹೆಸರುಗಳು ಮುಂಡಗೋಡದ ದಾರಿಹೋಕರಿಗೆ ಪರಿಚಿತ. ನಮ್ಮದೇ ಜಿಲ್ಲೆಯ ನಿರಾಶ್ರಿತರು ನೆಲೆಸಿದ ಊರಿಗೆ ರಾಮನಗರ ಎಂದು ಹೆಸರಾಯಿತು. ಅಲ್ಲಿ ಇಳಿದ ಪ್ರಯಾಣಿಕನಿಗೆ ಸೂಪಾದ ಸುಳಿವೂ ಹತ್ತುವುದಿಲ್ಲ.

ಅಣೆಕಟ್ಟಿನ ಎತ್ತರ, ಉದ್ದ, ಗರಿಷ್ಠ ಮಟ್ಟ 564 ಮೀಟರ್, ಇವೆಲ್ಲ ದಾಖಲೆಯಲ್ಲಿವೆ. ಅದರ ಪಕ್ಕದಲ್ಲಿ ಇನ್ನೂ ನಾಲ್ಕು ಸಾಲು ಬರೆಯಲು ಹೆಚ್ಚು ಖರ್ಚಾಗದು. ಇಲ್ಲೊಂದು ಪೇಟೆ ಇತ್ತು, ಕಚೇರಿ ಇತ್ತು, ದೇವಸ್ಥಾನ ಇತ್ತು, ಜನ ಇಂಥ ವರ್ಷ ಎದ್ದು ಹೋದರು ಎಂದರೆ ಸಾಕು. ಆ ಊರಿನಲ್ಲಿ ಹುಟ್ಟಿದವರು ಈಗ ಮುದುಕರಾಗುತ್ತಿದ್ದಾರೆ.

ಸದ್ಯಕ್ಕೆ ಆ ಕೆಲಸವನ್ನು ಬರಗಾಲ ಮಾಡುತ್ತಿದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಜಲಾಶಯ ತೀರ ತಗ್ಗಿದಾಗ ಹಳೆಯ ಸೂಪಾದ ಸೇತುವೆ ಕೆಸರಿನ ನಡುವೆ ಮೇಲೇಳುತ್ತದೆ. ಜನ ನೋಡಲು ಹೋಗುತ್ತಾರೆ. ಆಷಾಢದ ಮಳೆ ಹಿಡಿದರೆ ಅದು ಮತ್ತೆ ಮುಳುಗುತ್ತದೆ.