ತೊಟ್ಟಿಯ ಒಳಮೈ

ಮುಂಬಯಿಯ ಕಡಲತಡಿಯಲ್ಲಿ ನಿಂತು ಲಂಗರು ಹಾಕಿದ ಹಡಗುಗಳನ್ನು ನೋಡುವ ನಾವು ಅವುಗಳ ಒಡಲಿನ ಸರಕನ್ನು ಕುರಿತು ಊಹಿಸುತ್ತೇವೆ. ನಾವಿಕರು ಕುಡಿಯುವ ನೀರಿನ ಯೋಚನೆ ನಮಗೆ ಬರುವುದು ಅಪರೂಪ. ಆ ನೀರನ್ನು ಹಿಡಿದಿಡುವ ತೊಟ್ಟಿಯ ಒಳಮೈಗೂ ಒಂದು ಚರಿತ್ರೆಯಿದೆ. ಪಾತ್ರೆಯನ್ನು ಕಾಯುವ ಲೇಪ ಕುಡಿಯುವವನನ್ನೂ ಕಾಯುತ್ತದೆಂಬ ನಂಬಿಕೆ ಅಲ್ಲಿ ಮತ್ತೆ ಮತ್ತೆ ಹುಸಿಯಾಗಿದೆ.

ಹಾಯಿಹಡಗುಗಳ ಕಾಲದಲ್ಲಿ ನೀರನ್ನು ಮರದ ಪೀಪಾಯಿಗಳಲ್ಲಿ ತುಂಬಿಡುತ್ತಿದ್ದರು. ವಾರಗಳು ಕಳೆದಂತೆ ಅದು ಪಾಚಿಗಟ್ಟಿ ನಾರುತ್ತಿತ್ತು. ಪೀಪಾಯಿಯ ಒಳಭಾಗವನ್ನು ಸುಟ್ಟು ಕಪ್ಪಾಗಿಸುವುದು ಅಂದಿನ ಉಪಾಯಗಳಲ್ಲೊಂದು. 1808ರಲ್ಲಿ ಇಂಗ್ಲೆಂಡಿನ ರಿಚರ್ಡ್ ಟ್ರೆವಿಥಿಕ್ ಮತ್ತು ರಾಬರ್ಟ್ ಡಿಕಿನ್‌ಸನ್ ಕಬ್ಬಿಣದ ತೊಟ್ಟಿಗಳಿಗೆ ಪೇಟೆಂಟ್ ಪಡೆದರು. ಮುಂದೆ ಬ್ರಿಟಿಷ್ ನೌಕಾಪಡೆ ಪೀಪಾಯಿಗಳನ್ನು ಕ್ರಮೇಣ ಕೈಬಿಟ್ಟಿತು. ದುರ್ವಾಸನೆ ತಗ್ಗಿತು, ಅದರ ಜಾಗಕ್ಕೆ ತುಕ್ಕು ಬಂತು.

ತುಕ್ಕು ಕಣ್ಣಿಗೆ ಕಾಣುತ್ತದೆ. ಕಾಣದ ಕೇಡು ಸೀಸದ್ದು. ಉಷ್ಣವಲಯದಲ್ಲಿ ಸಂಚರಿಸುತ್ತಿದ್ದ ಫ್ರೆಂಚ್ ಯುದ್ಧನೌಕೆಗಳ ನಾವಿಕರನ್ನು ‘ಒಣ ಶೂಲೆ’ ಎಂಬ ಹೊಟ್ಟೆನೋವು ಕಾಡುತ್ತಿತ್ತು. ವೈದ್ಯರಲ್ಲಿ ಹಲವರು ಅದನ್ನು ಹವೆಯ ದೋಷವೆಂದೇ ಬಗೆದಿದ್ದರು. ನೌಕಾವೈದ್ಯ ಅಮೆಡೆ ಲೆಫೆವ್ರ್ 1859ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅದು ಹಡಗಿನೊಳಗೇ ಬಳಕೆಯಲ್ಲಿದ್ದ ಸೀಸದ ವಿಷವೆಂದು ವಾದಿಸಿದನು. ಬಟ್ಟಿ ಇಳಿಸಿದ ನೀರು ಸೀಸದ ಕೊಳವೆಯನ್ನು ಸುಲಭವಾಗಿ ಕರಗಿಸುತ್ತದೆ. ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದ ಮನೆಗಳಲ್ಲಿ ಬೆಳೆದ ನಮಗೆ ಈ ಮಾತು ಹೊಸತಲ್ಲ. ತವರದಲ್ಲಿ ಸೀಸ ಬೆರೆತಿದ್ದರೆ ಹೊಳಪು ಹಾಗೆಯೇ ಇರುತ್ತದೆ, ಹುಳಿ ಮಾತ್ರ ವಿಷವಾಗುತ್ತದೆ.

ಕಬ್ಬಿಣಕ್ಕೆ ದೊರೆತ ಸರಳ ಮದ್ದು ಸಿಮೆಂಟು. ಅದನ್ನು ನೀರಿನಲ್ಲಿ ತೆಳುವಾಗಿ ಕಲಸಿ ಒಳಗೋಡೆಗೆ ಬಳಿಯುತ್ತಿದ್ದರು. ಸಿಮೆಂಟಿನ ಕ್ಷಾರಗುಣ ತುಕ್ಕನ್ನು ತಡೆಯುತ್ತದೆ. ಆದರೆ ಹೊಸ ಲೇಪ ನೀರನ್ನೂ ಕ್ಷಾರವಾಗಿಸುವುದರಿಂದ ತೊಟ್ಟಿಯನ್ನು ತುಂಬಿ ಖಾಲಿ ಮಾಡಬೇಕು. ಹಡಗಿನ ಮೈ ಅಲುಗಿದಂತೆ ಬಿರುಕು ಬಿಟ್ಟರೆ ಕೆತ್ತಿ ತೆಗೆದು ಮತ್ತೆ ಬಳಿಯಬೇಕು.

ಇಂದು ಆ ಜಾಗದಲ್ಲಿ ದ್ರಾವಕರಹಿತ ಎಪಾಕ್ಸಿ ಲೇಪಗಳು ಬಂದಿವೆ. ಕುಡಿಯುವ ನೀರಿಗೆ ಯೋಗ್ಯವೆಂದು ಪ್ರಮಾಣಿತವಾದುದನ್ನೇ ಆರಿಸಬೇಕು. ದುರಸ್ತಿಯಲ್ಲಿ ತುಕ್ಕನ್ನು ಲೋಹದ ಹೊಳಪು ಕಾಣುವವರೆಗೆ ತೆಗೆದು, ಬೆಸುಗೆಯ ಅಂಚುಗಳಿಗೆ ಮೊದಲು ಕುಂಚದಿಂದ ಬಳಿದು, ಎರಡು ಭಾಗಗಳನ್ನು ಹೇಳಿದ ಪ್ರಮಾಣದಲ್ಲೇ ಬೆರೆಸಿ, ಲೇಪ ಪೂರ್ತಿ ಗಟ್ಟಿಯಾಗುವವರೆಗೆ ಕಾಯಬೇಕು. ತಣ್ಣನೆಯ ಹವೆಯಲ್ಲಿ ಆ ಕಾಯುವಿಕೆ ಇನ್ನೂ ದೀರ್ಘ. ಅವಸರಪಟ್ಟರೆ ಗಟ್ಟಿಯಾಗದ ರಾಸಾಯನಿಕ ನೀರಿಗಿಳಿಯುತ್ತದೆ. ಕೊನೆಗೆ ತೊಟ್ಟಿಯನ್ನು ತೊಳೆದು, ಕ್ಲೋರಿನ್ನಿನಿಂದ ಶುದ್ಧಗೊಳಿಸಿ, ನೀರನ್ನು ಪರೀಕ್ಷಿಸಬೇಕು.

ಈ ಚರಿತ್ರೆಯಲ್ಲಿ ನಾವು ಮರೆಯುವವನು ಒಳಗಿಳಿದು ಬಳಿಯುವ ಕಾರ್ಮಿಕ. ಮುಚ್ಚಿದ ತೊಟ್ಟಿಯಲ್ಲಿ ತುಕ್ಕು ಹಿಡಿಯುವ ಕಬ್ಬಿಣ ಗಾಳಿಯ ಆಮ್ಲಜನಕವನ್ನೇ ಹೀರಿಕೊಂಡಿರುತ್ತದೆ. ಅದಕ್ಕೆ ವಾಸನೆಯಿಲ್ಲ, ಮುನ್ಸೂಚನೆಯೂ ಇಲ್ಲ. ಬಿದ್ದವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಆದುದರಿಂದ ಗಾಳಿ ಹಾಯಿಸಿ, ಆಮ್ಲಜನಕ ಸುಮಾರು ಶೇ. 21ರಷ್ಟಿದೆಯೆಂದು ಅಳೆದು, ಮೇಲೆ ಒಬ್ಬನನ್ನು ಕಾವಲಿಗೆ ನಿಲ್ಲಿಸಿದ ಮೇಲೆಯೇ ಇಳಿಯಬೇಕು. ಲೇಪ ಸುರಕ್ಷಿತವೇ ಎಂದು ಕೇಳುವಾಗ ಕುಡಿಯುವವನ ಜೊತೆಗೆ ಬಳಿದವನನ್ನೂ ನಾವು ನೆನೆಯಬೇಕು.